ಸಮ್ಮೇಳನಕ್ಕೆ ವಿದೇಶಯಾನ: ವೀಸಾದಿಂದ ವಸತಿಯವರೆಗೆ ಯಾವುದನ್ನು ಆರಿಸಬೇಕು?

ಪ್ರಬಂಧ ಸ್ವೀಕೃತವಾಗಿದೆ ಎಂಬ ಪತ್ರ ಬಂದ ದಿನದ ಸಂತೋಷ ಮರುದಿನವೇ ಲೆಕ್ಕಾಚಾರವಾಗಿ ಮಾರ್ಪಡುತ್ತದೆ. ನೇರ ವಿಮಾನವೋ, ನಡುವೆ ಇಳಿದು ಹತ್ತುವ ವಿಮಾನವೋ? ಸಭಾಂಗಣವಿರುವ ಹೋಟೆಲೋ, ನಾಲ್ಕು ನಿಲ್ದಾಣ ಆಚೆಯ ಅಗ್ಗದ ಕೋಣೆಯೋ? ರಜೆ ಕಳೆಯಲು ಹೋಗುವ ಪ್ರವಾಸಿಗೂ ಇವೇ ಪ್ರಶ್ನೆಗಳು ಎದುರಾಗುತ್ತವೆ, ಆದರೆ ಉತ್ತರಗಳು ಬೇರೆ. ಪ್ರವಾಸಿ ಒಂದು ದಿನ ತಡವಾಗಿ ತಲುಪಿದರೆ ಅವನು ನೋಡಬೇಕೆಂದಿದ್ದ ಕೋಟೆ ಮರುದಿನವೂ ಅಲ್ಲಿಯೇ ಇರುತ್ತದೆ. ಪ್ರತಿನಿಧಿಗೆ ಗೊತ್ತುಪಡಿಸಿದ್ದ ಇಪ್ಪತ್ತು ನಿಮಿಷಗಳು ಇರುವುದಿಲ್ಲ. ಕೆಲವು ವರ್ಷ ಪ್ರತಿನಿಧಿಯಾಗಿ ಓಡಾಡಿ, ಮತ್ತೆ ಕೆಲವು ವರ್ಷ ಸಂಘಟನಾ ಸಮಿತಿಗಳಲ್ಲಿ ಕುಳಿತು ಪ್ರತಿನಿಧಿಗಳ ಪ್ರಯಾಣದ ಪತ್ರವ್ಯವಹಾರ ನೋಡಿಕೊಂಡ ಮೇಲೆ, ಎರಡು ಆಯ್ಕೆಗಳನ್ನು ಅಕ್ಕಪಕ್ಕ ಇಟ್ಟಾಗ ನಾನು ಮೊದಲು ಕೇಳುವುದು ಬೆಲೆಯನ್ನಲ್ಲ. ಇದು ಕೈಕೊಟ್ಟರೆ ನನ್ನ ಮಂಡನೆಯ ಗಂಟೆಗೆ ಮೊದಲು ಸರಿಪಡಿಸಿಕೊಳ್ಳಲು ಸಮಯವಿರುತ್ತದೆಯೇ ಎಂಬುದನ್ನು.

ವೀಸಾ: ಮೊದಲು ಅರ್ಜಿಯೋ, ಮೊದಲು ಟಿಕೆಟೋ?

ಬಹಳಷ್ಟು ಜನ ಟಿಕೆಟಿನ ಬೆಲೆ ಏರುತ್ತಿರುವುದನ್ನು ಕಂಡು ಗಾಬರಿಯಾಗಿ ಮೊದಲು ಟಿಕೆಟು ಕೊಂಡುಬಿಡುತ್ತಾರೆ. ಅರ್ಜಿಯೊಂದಿಗೆ ಪ್ರಯಾಣದ ವಿವರ ಕೇಳುವ ರಾಯಭಾರ ಕಚೇರಿಗಳಲ್ಲಿ ಹಲವು ಕೇಳುವುದು ಕಾಯ್ದಿರಿಸಿದ ಮಾರ್ಗದ ದಾಖಲೆಯನ್ನು, ಹಣ ಕಟ್ಟಿದ ಟಿಕೆಟನ್ನಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯಂತೂ ವೀಸಾ ಕೈಗೆ ಬರುವವರೆಗೆ ಟಿಕೆಟು ಕೊಳ್ಳಬೇಡಿ ಎಂದೇ ಅರ್ಜಿದಾರರಿಗೆ ಹೇಳುತ್ತದೆ. ಕೊಳ್ಳಲೇಬೇಕಾದ ಸಂದರ್ಭ ಬಂದರೆ, ಹಣ ಹಿಂದಿರುಗದ ಅಗ್ಗದ ದರಕ್ಕಿಂತ, ತುಸು ಹೆಚ್ಚು ಕೊಟ್ಟಾದರೂ ದಿನಾಂಕ ಬದಲಿಸಬಹುದಾದ ದರವನ್ನು ಆರಿಸುವುದು ಒಳ್ಳೆಯದು. ಸಮ್ಮೇಳನದ ನೋಂದಣಿ ಶುಲ್ಕದ ವಿಷಯದಲ್ಲೂ ಹೀಗೆಯೇ: ವೀಸಾ ನಿರಾಕರಣೆಯಾದರೆ ಶುಲ್ಕ ವಾಪಸು ಬರುತ್ತದೆಯೇ ಎಂಬುದನ್ನು ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು.

ಕಾಲಾವಧಿಯ ಅಂದಾಜಿಗೆ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾವನ್ನು ಉದಾಹರಣೆಯಾಗಿ ನೋಡಬಹುದು. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಸಲ್ಲಿಸಬಹುದು, ತೀರ ತಡವೆಂದರೆ 15 ದಿನ ಮೊದಲು ಸಲ್ಲಿಸಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೆ ಹಿಡಿಯಬಹುದು. ಆ 15 ದಿನದ ಕನಿಷ್ಠ ಗಡುವನ್ನು ನಂಬಿ ಕುಳಿತವರು 45 ದಿನದ ಸಾಧ್ಯತೆಯನ್ನು ಮರೆತಿರುತ್ತಾರೆ. ಸಂದರ್ಶನಕ್ಕೆ ದಿನ ಸಿಗುವುದೇ ಎಷ್ಟೋ ಕಡೆ ತಡ, ಆ ಕಾಯುವಿಕೆ ಈ ಲೆಕ್ಕದ ಹೊರಗಿನದು. ಜೊತೆಗೆ, ಅರ್ಜಿ ಪರಿಶೀಲನೆಯಲ್ಲಿರುವಷ್ಟು ದಿನವೂ ಪಾಸ್‌ಪೋರ್ಟು ಸಾಮಾನ್ಯವಾಗಿ ಅವರ ಬಳಿಯೇ ಇರುತ್ತದೆ. ಒಂದೇ ಋತುವಿನಲ್ಲಿ ಎರಡು ಸಮ್ಮೇಳನಗಳಿಗೆ ಒಪ್ಪಿಕೊಂಡವರು ಮೊದಲನೆಯದಕ್ಕೆ ಹೊರಡುವ ದಿನವೇ ಎರಡನೆಯದರ ವೀಸಾಕ್ಕೆಂದು ಪಾಸ್‌ಪೋರ್ಟು ಬೇರೆಡೆ ಸಿಲುಕಿಕೊಂಡಿರುವುದನ್ನು ಕಂಡುಕೊಳ್ಳುತ್ತಾರೆ. ಇಂತಹವರು ಒಂದೇ ಪ್ರದೇಶದ ಎರಡು ಸಮ್ಮೇಳನಗಳಿಗೆ ಬಹುಪ್ರವೇಶದ ವೀಸಾ ಕೇಳುವುದೇ ಲೇಸು.

ಯಾವ ವರ್ಗದ ವೀಸಾ ಎಂಬ ಪ್ರಶ್ನೆಗೆ ದೇಶದಿಂದ ದೇಶಕ್ಕೆ ಉತ್ತರ ಬೇರೆ. ಕೆಲವು ದೇಶಗಳಲ್ಲಿ ಸಮ್ಮೇಳನಕ್ಕೆಂದೇ ಪ್ರತ್ಯೇಕ ವರ್ಗವಿದೆ, ಕೆಲವೆಡೆ ವ್ಯಾವಹಾರಿಕ ಭೇಟಿಯ ವರ್ಗದಲ್ಲೇ ಅದು ಸೇರುತ್ತದೆ, ಇನ್ನು ಕೆಲವೆಡೆ ಸಾಮಾನ್ಯ ಸಂದರ್ಶಕರ ವೀಸಾ ಸಾಕು. ಕೇಳುಗರಾಗಿ ಹೋಗುವವರಿಗೂ ಸಂಭಾವನೆ ಪಡೆದು ಭಾಷಣ ಮಾಡುವವರಿಗೂ ನಿಯಮ ಒಂದೇ ಎಂದು ಭಾವಿಸಬಾರದು. ಸಂಭಾವನೆ ಇದ್ದರೆ ಅದನ್ನು ಮುಚ್ಚಿಡದೆ ಸಂಘಟಕರಿಂದಲೇ ಸರಿಯಾದ ವರ್ಗವನ್ನು ತಿಳಿದುಕೊಳ್ಳಬೇಕು. ಪಾಸ್‌ಪೋರ್ಟಿನ ಅವಧಿಯ ಬಗ್ಗೆ ಹೆಚ್ಚು ಯೋಚಿಸುವ ಅಗತ್ಯವಿಲ್ಲ: ಪ್ರಯಾಣದ ದಿನದಿಂದ 6 ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಮೊದಲು ನವೀಕರಿಸಿ, ಆಮೇಲೆ ಅರ್ಜಿ ಹಾಕಿ.

ಆಹ್ವಾನ ಪತ್ರದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪ್ರಬಂಧಗಳಲ್ಲಿ ನಾವು ಬಳಸುವ ಹೆಸರು ಬಹುಮಟ್ಟಿಗೆ ಸಂಕ್ಷಿಪ್ತವಾದದ್ದು, ಮೊದಲೆರಡು ಅಕ್ಷರ ಮತ್ತು ಒಂದು ಹೆಸರು. ನೋಂದಣಿ ಅರ್ಜಿಯಲ್ಲೂ ಕೈ ರೂಢಿಯಂತೆ ಅದನ್ನೇ ಬರೆಯುತ್ತದೆ. ಸಂಘಟಕರ ಕಚೇರಿ ಅದನ್ನೇ ಆಹ್ವಾನ ಪತ್ರಕ್ಕೆ ಇಳಿಸುತ್ತದೆ. ವೀಸಾ ಅಧಿಕಾರಿಯ ಮೇಜಿನ ಮೇಲೆ ಪಾಸ್‌ಪೋರ್ಟಿನ ಪೂರ್ಣ ಹೆಸರೂ ಪತ್ರದ ಸಂಕ್ಷಿಪ್ತ ಹೆಸರೂ ಬೇರೆಬೇರೆ ವ್ಯಕ್ತಿಗಳಂತೆ ಕಾಣುತ್ತವೆ. ನಾನು ಸಮಿತಿಯಲ್ಲಿದ್ದ ವರ್ಷಗಳಲ್ಲಿ ಮರಳಿ ಬರೆದುಕೊಟ್ಟ ಪತ್ರಗಳ ಪೈಕಿ ಹೆಚ್ಚಿನವು ಇದೊಂದೇ ಕಾರಣಕ್ಕೆ. ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಸಮ್ಮೇಳನದ ದಿನಾಂಕಗಳು, ಮಂಡಿಸುವ ಪ್ರಬಂಧದ ಶೀರ್ಷಿಕೆ, ಖರ್ಚು ಯಾರದೆಂಬ ಒಂದು ವಾಕ್ಯ ಇವಿಷ್ಟು ಇರುವ ಪತ್ರವನ್ನೇ ಕೇಳಿ ಪಡೆಯಬೇಕು.

ವಿಮಾನ: ಒಂದೇ ಟಿಕೆಟೋ, ಎರಡು ತುಂಡುಗಳೋ?

ನೇರ ವಿಮಾನವಿದ್ದು ಕೈಗೆಟಕುವಂತಿದ್ದರೆ ಹೋಲಿಕೆ ಅಲ್ಲಿಗೇ ಮುಗಿಯಿತು. ನಿಜವಾದ ಹೋಲಿಕೆ ಬೇಕಾಗುವುದು ಅದಿಲ್ಲದಾಗ. ಇಲ್ಲಿ ಜನ ಗಮನಿಸದೆ ಹೋಗುವ ವ್ಯತ್ಯಾಸವೆಂದರೆ, ನಡುವೆ ಒಮ್ಮೆ ಇಳಿಯುವ ಪ್ರಯಾಣವನ್ನು ಒಂದೇ ಟಿಕೆಟಿನಲ್ಲಿ ಕೊಳ್ಳುವುದಕ್ಕೂ ಎರಡು ಬೇರೆ ಟಿಕೆಟುಗಳಾಗಿ ಕೊಳ್ಳುವುದಕ್ಕೂ ಇರುವ ಅಂತರ. ವಿಮಾನಗಳು ಅವೇ, ಹೊತ್ತೂ ಅದೇ ಇರಬಹುದು. ಆದರೆ ಮೊದಲನೆಯದು ತಡವಾದಾಗ ಹೊಣೆ ಯಾರದು ಎಂಬುದು ಸಂಪೂರ್ಣ ಬದಲಾಗುತ್ತದೆ. ಒಂದೇ ಟಿಕೆಟಿನಲ್ಲಿದ್ದರೆ, ತಪ್ಪಿದ ಸಂಪರ್ಕಕ್ಕೆ ಬದಲಾಗಿ ಮುಂದಿನ ವಿಮಾನದಲ್ಲಿ ಕೂರಿಸುವುದು ವಿಮಾನ ಸಂಸ್ಥೆಯ ಕೆಲಸ, ಲಗೇಜು ಕೂಡ ಸಾಮಾನ್ಯವಾಗಿ ಕೊನೆಯ ಊರಿನವರೆಗೆ ಹೋಗುತ್ತದೆ. ಎರಡು ಟಿಕೆಟುಗಳಾದರೆ ಎರಡನೆಯ ಸಂಸ್ಥೆಯ ಕಣ್ಣಿಗೆ ನೀವು ಹೊತ್ತಿಗೆ ಬಾರದ ಪ್ರಯಾಣಿಕ, ಅಷ್ಟೆ.

ಇದನ್ನು ನಾನು ಒಮ್ಮೆ ಅನುಭವಿಸಿದ್ದೇನೆ. ಎರಡು ಟಿಕೆಟುಗಳ ನಡುವೆ ಎರಡೂವರೆ ಗಂಟೆಯ ಬಿಡುವಿತ್ತು. ಮೊದಲ ವಿಮಾನ ಒಂದು ಗಂಟೆ ನಲವತ್ತು ನಿಮಿಷ ತಡವಾಯಿತು. ಉಳಿದ ಐವತ್ತು ನಿಮಿಷದಲ್ಲಿ ವಲಸೆ ತಪಾಸಣೆಯ ಸಾಲು, ಅದರ ಆಚೆ ಲಗೇಜು ಸುತ್ತುವ ಪಟ್ಟಿ, ಮತ್ತೆ ಮೇಲಿನ ಮಹಡಿಯ ಚೆಕ್-ಇನ್ ಕೌಂಟರು. ಅಲ್ಲಿಗೆ ತಲುಪಿದಾಗ ಕೌಂಟರಿನ ಮೇಲಿನ ಫಲಕದಲ್ಲಿ ನನ್ನ ವಿಮಾನದ ಸಂಖ್ಯೆಯ ಜಾಗಕ್ಕೆ ಬೇರೆ ಸಂಖ್ಯೆ ಬಂದಾಗಿತ್ತು. ವಿಮಾನ ಇನ್ನೂ ಗೇಟಿನಲ್ಲೇ ನಿಂತಿತ್ತು, ಆದರೆ ಲಗೇಜು ತೆಗೆದುಕೊಳ್ಳುವ ಗಡುವು ಮುಗಿದಿತ್ತು. ಹೊಸ ಟಿಕೆಟಿಗೆ ಕೊಟ್ಟ ಹಣ, ಎರಡು ತುಂಡು ಮಾಡಿ ಉಳಿಸಿದ್ದ ಹಣದ ಹಲವು ಪಟ್ಟು. ಮಂಡನೆ ಎರಡು ದಿನ ಆಚೆ ಇದ್ದುದರಿಂದ ಅದೊಂದು ಉಳಿಯಿತು.

ಈ ಪ್ರಸಂಗದಲ್ಲಿ ನನ್ನ ಬಳಿ ನಡುವಿನ ದೇಶದ ವೀಸಾ ಇತ್ತು. ಇಲ್ಲದಿದ್ದವರ ಪಾಡು ಇನ್ನೂ ಕಷ್ಟ. ಲಗೇಜನ್ನು ತಾವೇ ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾದರೆ ವಲಸೆ ತಪಾಸಣೆ ದಾಟಿ ಹೊರಬರಬೇಕು, ಹೊರಬರಲು ಆ ದೇಶದ ಪ್ರವೇಶಾನುಮತಿ ಬೇಕು. ಆದ್ದರಿಂದ ಎರಡು ಟಿಕೆಟುಗಳ ಬೆಲೆಗೆ ಟ್ರಾನ್ಸಿಟ್ ವೀಸಾದ ಖರ್ಚನ್ನೂ ಸೇರಿಸಿ ನೋಡಬೇಕು. ಒಂದೇ ಟಿಕೆಟು ಇದ್ದರೂ ಎಲ್ಲೆಡೆ ಈ ತೊಂದರೆ ತಪ್ಪುವುದಿಲ್ಲ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಒಳಗೇ ಕುಳಿತು ಮುಂದಿನ ವಿದೇಶಿ ವಿಮಾನ ಹತ್ತುವ ಸಾಮಾನ್ಯ ವ್ಯವಸ್ಥೆ ಇಲ್ಲ. ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ಅಲ್ಲಿ ಇಳಿಯುವವರಿಗೂ ವೀಸಾ ಅಥವಾ ಅದಕ್ಕೆ ಸಮನಾದ ಅನುಮತಿ ಬೇಕು. ಷೆಂಗೆನ್ ವಲಯದಲ್ಲಿ ಒಂದೇ ನಿಲ್ದಾಣದಲ್ಲಿ ವಿಮಾನ ಬದಲಿಸಿ ವಲಯದ ಹೊರಗೆ ಹೋಗುವುದು ಒಂದು ಬಗೆ. ವಲಯದೊಳಗಿನ ಎರಡು ನಿಲ್ದಾಣಗಳ ನಡುವೆ ಹಾರಿದರೆ ಅದು ಪ್ರವೇಶವೆಂದೇ ಲೆಕ್ಕ. ಕೆಲವು ದೇಶಗಳ ಪ್ರಜೆಗಳಿಗೆ ನಿಲ್ದಾಣದ ಒಳಗೇ ಇರಲು ಸಹ ಟ್ರಾನ್ಸಿಟ್ ವೀಸಾ ಕಡ್ಡಾಯ. ಹೀಗಾಗಿ ಬೆಲೆ ಒಂದೇ ಆಗಿರುವ ಎರಡು ಮಾರ್ಗಗಳಲ್ಲಿ, ನಿಮ್ಮ ಪಾಸ್‌ಪೋರ್ಟಿಗೆ ಏನನ್ನೂ ಕೇಳದ ನಿಲ್ದಾಣದ ಮೂಲಕ ಹೋಗುವ ಮಾರ್ಗವೇ ಉತ್ತಮ.

ಸಂಪರ್ಕದ ಅವಧಿ ಎಷ್ಟಿರಬೇಕು? ವಿಮಾನ ಸಂಸ್ಥೆಗಳು ಮಾರುವ ಕನಿಷ್ಠ ಅವಧಿ ಎಲ್ಲವೂ ಸುಸೂತ್ರವಾಗಿ ನಡೆದಾಗಿನದು. ನಾನು ಅವಧಿಗಿಂತ ಹೆಚ್ಚಾಗಿ ನೋಡುವುದು, ತಪ್ಪಿದರೆ ಮುಂದಿನ ವಿಮಾನ ಯಾವಾಗ ಎಂಬುದನ್ನು. ದಿನಕ್ಕೆ ನಾಲ್ಕು ವಿಮಾನಗಳಿರುವ ಮಾರ್ಗದಲ್ಲಿ ಒಂದೂವರೆ ಗಂಟೆಯ ಬಿಡುವು ಸಾಕಾಗಬಹುದು. ದಿನಕ್ಕೊಂದೇ ಇದ್ದರೆ, ಅಥವಾ ನೀವು ಹಿಡಿಯುವುದು ರಾತ್ರಿಯ ಕೊನೆಯದಾಗಿದ್ದರೆ, ಮೂರು ಗಂಟೆಯೂ ಕಡಿಮೆಯೇ. ಇನ್ನೊಂದು ಮಾತು: ಹೋಗುವ ಪ್ರಯಾಣದ ಮೊದಲ ತುಂಡನ್ನು ಬಿಟ್ಟು ಎರಡನೆಯದರಲ್ಲಿ ಹತ್ತುತ್ತೇನೆ ಎಂದರೆ ನಡೆಯುವುದಿಲ್ಲ. ಒಂದು ಭಾಗಕ್ಕೆ ಹಾಜರಾಗದಿದ್ದರೆ ಅದೇ ಟಿಕೆಟಿನ ಉಳಿದೆಲ್ಲ ಭಾಗಗಳು, ಹಿಂದಿರುಗುವುದೂ ಸೇರಿ, ಸಾಮಾನ್ಯವಾಗಿ ರದ್ದಾಗುತ್ತವೆ.

ಎಷ್ಟು ದಿನ ಮೊದಲು ತಲುಪಬೇಕು?

ಉದ್ಘಾಟನೆಯ ಬೆಳಿಗ್ಗೆ ಇಳಿಯುವುದು, ಹಿಂದಿನ ದಿನ ಇಳಿಯುವುದು, ಎರಡು ದಿನ ಮೊದಲು ಇಳಿಯುವುದು ಇವುಗಳಲ್ಲಿ ಮೊದಲನೆಯದನ್ನು ಪಟ್ಟಿಯಿಂದಲೇ ತೆಗೆದುಹಾಕಬಹುದು. ಉಳಿದೆರಡರಲ್ಲಿ ಯಾವುದು ಎಂಬುದನ್ನು ದಿಕ್ಕು ಹೇಳುತ್ತದೆ. ದೇಹದ ಒಳಗಿನ ಗಡಿಯಾರ ಸ್ವಾಭಾವಿಕವಾಗಿ 24 ಗಂಟೆಗಿಂತ ತುಸು ಉದ್ದವಾದದ್ದರಿಂದ, ದಿನವನ್ನು ಹಿಗ್ಗಿಸುವ ಪಶ್ಚಿಮದ ಪ್ರಯಾಣಕ್ಕೆ ಅದು ಬೇಗ ಹೊಂದಿಕೊಳ್ಳುತ್ತದೆ, ಕುಗ್ಗಿಸುವ ಪೂರ್ವದ ಪ್ರಯಾಣಕ್ಕೆ ನಿಧಾನ. ಸ್ಥೂಲವಾಗಿ ಒಂದು ಕಾಲವಲಯಕ್ಕೆ ಒಂದು ದಿನ ಹಿಡಿಯುತ್ತದೆ ಎನ್ನುತ್ತಾರೆ. ಆರು ವಲಯ ದಾಟಿದವರು ಆರು ದಿನ ಮೊದಲು ಹೋಗಲಾಗದು. ಆದರೆ ಬಹಳ ಮಂದಿಗೆ ತೋಚದ ಇನ್ನೊಂದು ದಾರಿಯಿದೆ: ಮಂಡನೆಯ ಹೊತ್ತನ್ನೇ ಕೇಳಿಕೊಳ್ಳುವುದು. ಪೂರ್ವಕ್ಕೆ ಆರು ವಲಯ ಹೋದವರಿಗೆ ಅಲ್ಲಿನ ಬೆಳಗಿನ 9 ಗಂಟೆ ದೇಹದ ಲೆಕ್ಕದಲ್ಲಿ ನಸುಕಿನ 3 ಗಂಟೆ. ಸಂಜೆಯ 4 ಅವರಿಗೆ ಬೆಳಗಿನ 10. ಪಶ್ಚಿಮಕ್ಕೆ ಹೋದವರಿಗೆ ಬೆಳಗಿನ 9 ದೇಹಕ್ಕೆ ಮಧ್ಯಾಹ್ನ 3, ಸಂಜೆಯ 6 ನಡುರಾತ್ರಿ. ಆದ್ದರಿಂದ ಪೂರ್ವಕ್ಕೆ ಹೋಗುವವರು ಮಧ್ಯಾಹ್ನದ ಗೋಷ್ಠಿಯನ್ನೂ ಪಶ್ಚಿಮಕ್ಕೆ ಹೋಗುವವರು ಬೆಳಗಿನ ಗೋಷ್ಠಿಯನ್ನೂ ಕೋರಬೇಕು. ಕಾರ್ಯಕ್ರಮ ಪಟ್ಟಿ ಅಂತಿಮವಾಗುವ ಮೊದಲು ಬರೆದರೆ ಸಮಿತಿಗಳು ಬಹುಮಟ್ಟಿಗೆ ಒಪ್ಪುತ್ತವೆ. ನಾವು ಒಪ್ಪುತ್ತಿದ್ದೆವು.

ದಿನಾಂಕದ ಲೆಕ್ಕದಲ್ಲಿ ಎಡವುವವರೂ ಉಂಟು. 14ನೇ ತಾರೀಖು 00:40ಕ್ಕೆ ಹೊರಡುವ ವಿಮಾನಕ್ಕೆ 13ರ ರಾತ್ರಿಯೇ ಮನೆ ಬಿಡಬೇಕು. 14ರ ರಾತ್ರಿ ನಿಲ್ದಾಣಕ್ಕೆ ಬಂದು ನಿಂತವರನ್ನು ನಾನು ಬಲ್ಲೆ. ಹಾಗೆಯೇ ಮುಂಜಾನೆ 5ಕ್ಕೆ ಇಳಿಯುವ ವಿಮಾನ ಆರಿಸಿದರೆ ಹೋಟೆಲಿನ ಕೋಣೆ ಮಧ್ಯಾಹ್ನ 2 ಅಥವಾ 3ರವರೆಗೆ ಸಿಗದು. ಹಿಂದಿನ ರಾತ್ರಿಗೂ ಕೋಣೆ ಹಿಡಿಯಬೇಕೆಂದರೆ ಆ ವಿಮಾನದ ಅಗ್ಗ ಅಲ್ಲಿಗೆ ಕರಗುತ್ತದೆ. ಮಾರ್ಚ್ ಅಥವಾ ಅಕ್ಟೋಬರ್-ನವೆಂಬರಿನಲ್ಲಿ ಸಮ್ಮೇಳನವಿದ್ದರೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೋ ಹಿಂದಕ್ಕೋ ತಿರುಗಿಸುವ ಭಾನುವಾರವನ್ನೂ ನೋಡಿಕೊಳ್ಳಿ: ಯುರೋಪಿಯನ್ ಒಕ್ಕೂಟದಲ್ಲಿ ಅದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ, ಅಮೆರಿಕದಲ್ಲಿ ಮಾರ್ಚಿನ ಎರಡನೆಯ ಹಾಗೂ ನವೆಂಬರಿನ ಮೊದಲ ಭಾನುವಾರ.

ವಸತಿ

ಸಭಾಂಗಣವಿರುವ ಹೋಟೆಲಿಗೆ ದರ ಹೆಚ್ಚು. ಆದರೂ ಮೊದಲ ಬಾರಿ ಹೋಗುವವರಿಗೆ, ಮೂರು ದಿನಕ್ಕಿಂತ ಕಡಿಮೆ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಸಮ್ಮೇಳನದ ಅರ್ಧ ಫಲ ಗೋಷ್ಠಿಗಳ ನಡುವಿನ ಬಿಡುವಿನಲ್ಲಿ, ಲಿಫ್ಟಿನ ಎದುರು, ಬೆಳಗಿನ ಉಪಾಹಾರದ ಮೇಜಿನಲ್ಲಿ ಸಿಗುತ್ತದೆ; ನಲವತ್ತು ನಿಮಿಷ ದೂರದಲ್ಲಿ ಉಳಿದವರು ಸಂಜೆ ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಾರೆ. ದೀರ್ಘ ಸಮ್ಮೇಳನಗಳಿಗೆ, ಸ್ವಂತ ಖರ್ಚಿನ ವಿದ್ಯಾರ್ಥಿಗಳಿಗೆ, ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯ ಸಿಗುವುದಾದರೆ ಅದು ಒಳ್ಳೆಯ ಆಯ್ಕೆ: ಸೌಕರ್ಯ ಸರಳ, ಆದರೆ ಜೊತೆಗಾರರೆಲ್ಲ ಅಲ್ಲೇ ಇರುತ್ತಾರೆ. ಅಪಾರ್ಟ್‌ಮೆಂಟು ಬಾಡಿಗೆಗೆ ಪಡೆಯುವುದು ಮೂರ್ನಾಲ್ಕು ಜನ ಸೇರಿದಾಗ ಲಾಭಕರ. ಆದರೆ ಕೊನೆ ಗಳಿಗೆಯಲ್ಲಿ ಮಾಲೀಕರು ರದ್ದುಮಾಡಿದರೆ ಸಮ್ಮೇಳನದ ವಾರದಲ್ಲಿ ಆ ಊರಲ್ಲಿ ಬೇರೆ ಕೋಣೆ ಸಿಗುವುದು ಕಷ್ಟ, ಸಂಸ್ಥೆಯ ಹೆಸರಿಗೆ ಬೇಕಾದಂತಹ ರಸೀದಿಯೂ ಸುಲಭಕ್ಕೆ ಬರುವುದಿಲ್ಲ.

ಸಂಘಟಕರು ಮಾತಾಡಿಟ್ಟ ರಿಯಾಯಿತಿ ದರಕ್ಕೆ ಒಂದು ಕೊನೆಯ ದಿನ ಇರುತ್ತದೆ, ಅದಾದ ಮೇಲೆ ಉಳಿದ ಕೋಣೆಗಳು ಹೋಟೆಲಿಗೆ ಮರಳುತ್ತವೆ. ಆ ದಿನವನ್ನು ಬರೆದಿಟ್ಟುಕೊಳ್ಳಿ. ಇದರ ಜೊತೆ ಒಂದು ಎಚ್ಚರಿಕೆ: ಕಾರ್ಯಕ್ರಮ ಪಟ್ಟಿ ಪ್ರಕಟವಾದ ಕೂಡಲೇ, ಭಾಷಣಕಾರರ ಹೆಸರುಗಳನ್ನು ಅದರಿಂದಲೇ ಎತ್ತಿಕೊಂಡು, ತಾವು ಸಮ್ಮೇಳನದ ಅಧಿಕೃತ ವಸತಿ ಏಜೆಂಟರೆಂದು ಹೇಳಿಕೊಳ್ಳುವ ವಂಚಕರು ಇಮೇಲ್ ಕಳಿಸಲು, ಫೋನ್ ಮಾಡಲು ಆರಂಭಿಸುತ್ತಾರೆ. ಸಮ್ಮೇಳನದ ಹೆಸರು, ದಿನಾಂಕ, ನಿಮ್ಮ ಗೋಷ್ಠಿಯ ಶೀರ್ಷಿಕೆ ಎಲ್ಲವೂ ಅದರಲ್ಲಿ ಸರಿಯಾಗಿಯೇ ಇರುತ್ತದೆ. ಕಾರ್ಡಿನ ಸಂಖ್ಯೆ ಕೊಟ್ಟವರಿಗೆ ಹೋಟೆಲಿನಲ್ಲಿ ಕೋಣೆಯೇ ಇರುವುದಿಲ್ಲ. ನೋಂದಣಿ ಮಾಡಿದ ತಾಣದಲ್ಲಿರುವ ಕೊಂಡಿಯ ಮೂಲಕ ಅಥವಾ ನೇರವಾಗಿ ಹೋಟೆಲಿನಲ್ಲಿ ಮಾತ್ರ ಕಾಯ್ದಿರಿಸಿ.

ಹಣ ಮತ್ತು ಫೋನು

ಹೋಟೆಲಿಗೆ ಕ್ರೆಡಿಟ್ ಕಾರ್ಡು, ದಿನನಿತ್ಯದ ಖರ್ಚಿಗೆ ಮುಂಗಡ ತುಂಬಿದ ವಿದೇಶಿ ವಿನಿಮಯ ಕಾರ್ಡು, ಮೊದಲ ದಿನಕ್ಕೆ ಸಾಕಾಗುವಷ್ಟು ನಗದು ಇವು ಒಂದಕ್ಕೊಂದು ಬದಲಿಯಲ್ಲ, ಒಟ್ಟಿಗೆ ಇರಬೇಕಾದವು. ಹೋಟೆಲು ಆಗಮನದ ಹೊತ್ತಿಗೆ ಒಂದು ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತದೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಅದು ಮಿತಿಯಿಂದ ಕಳೆಯುತ್ತದೆ. ಡೆಬಿಟ್ ಅಥವಾ ಮುಂಗಡ ಕಾರ್ಡಿನಲ್ಲಾದರೆ ನಿಮ್ಮ ಸ್ವಂತ ಹಣವೇ ಕೆಲವು ದಿನ ಸಿಕ್ಕಿಬೀಳುತ್ತದೆ. ಕಾರ್ಡು ಯಂತ್ರದ ಪರದೆಯ ಮೇಲೆ ಎರಡು ಮೊತ್ತಗಳು ಮೂಡಿದಾಗ, ಅಂದರೆ ಒಂದು ಆ ದೇಶದ ನಾಣ್ಯದಲ್ಲಿ, ಇನ್ನೊಂದು ನಿಮ್ಮ ದೇಶದ ನಾಣ್ಯದಲ್ಲಿ, ಪರಿಚಿತವಾಗಿ ಕಾಣುವ ಎರಡನೆಯದರತ್ತ ಬೆರಳು ಹೋಗುತ್ತದೆ. ಆರಿಸಬೇಕಾದದ್ದು ಆ ದೇಶದ ನಾಣ್ಯವನ್ನು. ಎರಡನೆಯದರಲ್ಲಿ ವಿನಿಮಯ ದರವನ್ನು ನಿಶ್ಚಯಿಸುವವರು ನಿಮ್ಮ ಬ್ಯಾಂಕಿನವರಲ್ಲ, ಆ ದರ ಬಹುತೇಕ ಯಾವಾಗಲೂ ದುಬಾರಿ.

ಫೋನಿಗೆ ಇ-ಸಿಮ್ ಅನುಕೂಲ, ಮೊದಲೇ ಹಾಕಿಕೊಂಡು ಇಳಿದ ಕೂಡಲೇ ಬಳಸಬಹುದು. ಆದರೆ ಹಲವು ಇ-ಸಿಮ್‌ಗಳಲ್ಲಿ ಡೇಟಾ ಮಾತ್ರ, ದೂರವಾಣಿ ಸಂಖ್ಯೆ ಇಲ್ಲ. ಸ್ಥಳೀಯ ಸಿಮ್ ಕೊಳ್ಳಲು ಎಷ್ಟೋ ದೇಶಗಳಲ್ಲಿ ಪಾಸ್‌ಪೋರ್ಟು ತೋರಿಸಿ ನೋಂದಾಯಿಸಬೇಕು. ಯಾವುದನ್ನೇ ಆರಿಸಿದರೂ ಊರಿನ ಸಿಮ್ ತೆಗೆದಿಡಬೇಡಿ: ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಅದರ ಡೇಟಾ ಬಂದ್ ಮಾಡಿ, ಸಂದೇಶ ಬರುವಷ್ಟಕ್ಕೆ ರೋಮಿಂಗ್ ಇಟ್ಟುಕೊಂಡರೆ ಸಾಕು.

ಲಗೇಜು ಮತ್ತು ಪೋಸ್ಟರು

ಮೂರ್ನಾಲ್ಕು ದಿನದ ಸಮ್ಮೇಳನಕ್ಕೆ ಕೈಚೀಲವೊಂದರಲ್ಲೇ ಹೋಗಿಬರುವುದು ಸಾಧ್ಯವಾದರೆ ಅದಕ್ಕೆ ಸಮನಾದದ್ದಿಲ್ಲ. ತೊಡಕಾಗುವುದು ಪೋಸ್ಟರು, ಅಂದರೆ ಸಂಶೋಧನೆಯನ್ನು ಒಂದೇ ದೊಡ್ಡ ಹಾಳೆಯಲ್ಲಿ ಮುದ್ರಿಸಿ ತೂಗುಹಾಕುವ ಫಲಕ. ಎ0 ಅಳತೆಯ ಹಾಳೆ 841 ಮಿಲಿಮೀಟರು ಅಗಲ, 1189 ಮಿಲಿಮೀಟರು ಉದ್ದ. ಸುತ್ತಿ ಕೊಳವೆಯಲ್ಲಿಟ್ಟರೂ ಎಂಬತ್ತೈದು ಸೆಂಟಿಮೀಟರು ದಾಟುತ್ತದೆ, ಹೆಚ್ಚಿನ ಸಂಸ್ಥೆಗಳು ಕೈಚೀಲಕ್ಕೆ ಬಿಡುವ ಸುಮಾರು 55 ಸೆಂಟಿಮೀಟರಿನ ಮಿತಿಯನ್ನು ಮೀರುತ್ತದೆ. ಗೇಟಿನಲ್ಲಿ ನಿಂತ ಸಿಬ್ಬಂದಿಯ ಮನಸ್ಸಿನ ಮೇಲೆ ನಿಮ್ಮ ಎರಡು ವರ್ಷದ ಕೆಲಸ ನಿಂತಿರುತ್ತದೆ. ಮೇಲಿನ ಅರೆಯಲ್ಲಿ ಕೊಳವೆಯನ್ನು ಇಟ್ಟು ಇಳಿಯುವಾಗ ಮರೆತವರೂ ಇದ್ದಾರೆ. ಬಟ್ಟೆಯ ಮೇಲೆ ಮುದ್ರಿಸಿದರೆ ಅಂಗಿಯಂತೆ ಮಡಚಿ ಚೀಲದಲ್ಲಿ ಇಡಬಹುದು, ತೂಗುಹಾಕಿದ ಅರ್ಧ ದಿನದಲ್ಲಿ ಮಡಿಕೆ ಇಳಿಯುತ್ತದೆ. ಬಣ್ಣ ಕಾಗದದಷ್ಟು ಉಜ್ಜ್ವಲವಲ್ಲ, ಅಷ್ಟೇ. ಸಣ್ಣ ಅಕ್ಷರಗಳೂ ಸೂಕ್ಷ್ಮ ಚಿತ್ರಗಳೂ ಇದ್ದರೆ ಅಲ್ಲಿಯೇ ಮುದ್ರಿಸುವುದು ಮೇಲು, ಎರಡು ದಿನ ಮೊದಲು ತಲುಪುವವರು ಮಾತ್ರ.

ದೊಡ್ಡ ಪೆಟ್ಟಿಗೆ ಒಪ್ಪಿಸಲೇಬೇಕಾದರೆ ಮಂಡನೆಯ ದಿನದ ಒಂದು ಜೊತೆ ಬಟ್ಟೆ, ಔಷಧಿಗಳು, ಅವುಗಳ ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕ್ ಅಂತೂ ಕೈಚೀಲದಲ್ಲೇ ಇರಬೇಕು, ಅದು ನಿಯಮ: 100 ವ್ಯಾಟ್-ಗಂಟೆಯವರೆಗೆ ಸಾಮಾನ್ಯವಾಗಿ ತಡೆಯಿಲ್ಲ, 160ರವರೆಗೆ ಸಂಸ್ಥೆಯ ಒಪ್ಪಿಗೆ ಬೇಕು. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣದಿಂದ ಹೊರಬರುವ ಮೊದಲೇ ದೂರು ದಾಖಲಿಸಿ ಅದರ ಸಂಖ್ಯೆ ಪಡೆಯಿರಿ, ಕೊಂಡ ಅಗತ್ಯ ವಸ್ತುಗಳ ರಸೀದಿ ಇಟ್ಟುಕೊಳ್ಳಿ. ವಿಮಾನ ಸಂಸ್ಥೆಗಳ ಹೊಣೆಗಾರಿಕೆಯನ್ನು ಕುರಿತ 1999ರ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದಂತೆ ತಡವಾದ ಲಗೇಜಿನ ಬಗ್ಗೆ ಅದು ಕೈಸೇರಿದ 21 ದಿನಗಳೊಳಗೆ, ಹಾನಿಯಾಗಿದ್ದರೆ 7 ದಿನಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು.

ವಿಮೆಯಲ್ಲಿ ಎರಡು ಬಗೆಯ ರಕ್ಷಣೆ ಬೆರೆತಿರುತ್ತದೆ, ವೈದ್ಯಕೀಯ ಖರ್ಚು ಮತ್ತು ಪ್ರಯಾಣ ರದ್ದತಿ. ವೈದ್ಯಕೀಯದ್ದನ್ನು ಕಡಿತಗೊಳಿಸಬೇಡಿ, ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ರಕ್ಷಣೆ ಹೇಗೂ ಕಡ್ಡಾಯ. ರದ್ದತಿಯ ಭಾಗದಲ್ಲಿ ವೀಸಾ ನಿರಾಕರಣೆ ಸೇರಿದೆಯೇ ಎಂದು ಓದಿ ನೋಡಿ. ಹಲವು ವಿಮೆಗಳಲ್ಲಿ ಅದು ಹೊರಗುಳಿದಿರುತ್ತದೆ.

ಹಿಂದಿರುಗುವ ಪ್ರಯಾಣಕ್ಕೆ ಬಂದಾಗ ಈ ಲೆಕ್ಕವೆಲ್ಲ ತಿರುಗುಮುರುಗಾಗುತ್ತದೆ. ಆಚೆಯ ತುದಿಯಲ್ಲಿ ಮಂಡನೆ ಕಾದಿಲ್ಲ, ತಡವಾದರೆ ಒಂದು ದಿನದ ರಜೆ ಹೋದೀತು. ಬೆಲೆ ಕಡಿಮೆ ಮಾಡಲೇಬೇಕಾದರೆ ಹೋಗುವಾಗ ನೇರ ವಿಮಾನ ಅಥವಾ ಉದಾರ ಬಿಡುವಿನ ಸಂಪರ್ಕ, ಬರುವಾಗ ಉದ್ದದ ಅಗ್ಗದ ಮಾರ್ಗ ಎಂದು ಅದೇ ಟಿಕೆಟಿನಲ್ಲಿ ಹೊಂದಿಸಿಕೊಳ್ಳಬಹುದು. ಕೊನೆಯ ದಿನದ ಸಂಜೆಯ ವಿಮಾನವನ್ನು ಮಾತ್ರ ಆರಿಸಬೇಡಿ. ಸಮಾರೋಪದ ದಿನ ಮಧ್ಯಾಹ್ನ ಖಾಲಿ ಕುರ್ಚಿಗಳ ಮುಂದೆ ಪ್ರಬಂಧ ಓದುವ ಯುವ ಸಂಶೋಧಕರನ್ನು ನಾನು ಪ್ರತಿ ಸಮ್ಮೇಳನದಲ್ಲೂ ಕಂಡಿದ್ದೇನೆ. ಬಾಗಿಲ ಬಳಿ ಸಾಲಾಗಿ ನಿಂತ ಪೆಟ್ಟಿಗೆಗಳನ್ನು ನೋಡುತ್ತಲೇ ಅವರು ಮಾತು ಮುಗಿಸುತ್ತಾರೆ. ಮರುದಿನ ಬೆಳಗಿನ ವಿಮಾನಕ್ಕೆ ಒಂದು ರಾತ್ರಿಯ ಕೋಣೆ ಹೆಚ್ಚಿಗೆ ಬೇಕಾಗುತ್ತದೆ. ಆ ಖರ್ಚನ್ನು ಮೊದಲ ದಿನವೇ ಅಂದಾಜುಪಟ್ಟಿಯಲ್ಲಿ ಸೇರಿಸಿ.